ಕುಡಿತದ ಬಗ್ಗೆ ಕೇಳುವ ಮೊದಲು ನಿದ್ದೆಯ ಬಗ್ಗೆ ಕೇಳಿ

ನಮ್ಮ ಕಡೆ ಯಾರಾದರೂ ಜಾಸ್ತಿ ಕುಡಿಯೋಕೆ ಶುರು ಮಾಡಿದರೆ ಅವರಿಗೆ ಬೀಳುವ ಪ್ರಶ್ನೆಗಳು ಎಲ್ಲರಿಗೂ ಗೊತ್ತು. ದಿನಕ್ಕೆ ಎಷ್ಟು ಹಾಕ್ತೀಯ? ಯಾರ ಸಹವಾಸ ಇದು? ಹೆಂಡ್ತಿ ಮಕ್ಕಳ ಮುಖ ನೋಡಿಯಾದರೂ ಬಿಡಬಾರದಾ? ಮೊದಲು ಬುದ್ಧಿವಾದ, ಆಮೇಲೆ ಜಗಳ, ಅದೂ ಆಗದಿದ್ದರೆ ದೇವರ ಮುಂದೆ ಆಣೆ. ರಾತ್ರಿ ನಿದ್ದೆ ಬರುತ್ತಾ, ಎಂಥ ಕನಸು ಬೀಳುತ್ತೆ ಅಂತ ಕೇಳುವವರು ಬಹಳ ಕಮ್ಮಿ. ಕೆಲವರ ವಿಷಯದಲ್ಲಿ ಮೊದಲು ಕೇಳಬೇಕಾದ್ದೇ ಅದು ಅನ್ನೋದು ನನ್ನ ಗಟ್ಟಿ ನಂಬಿಕೆ. ನಮ್ಮ ಮಾವನಿಗೆ ಆ ಪ್ರಶ್ನೆ ಬೀಳೋಕೆ ತುಂಬಾ ವರ್ಷ ಬೇಕಾಯಿತು.

ಮಾವ ಅಂದರೆ ನನ್ನ ಅಮ್ಮನ ತಮ್ಮ. ಹಾಸನ ಜಿಲ್ಲೆಯ ಒಂದು ಹಳ್ಳಿಯಿಂದ ಪಿಯುಸಿ ಮುಗಿಸಿ ಸೈನ್ಯಕ್ಕೆ ಸೇರಿದವರು. ಬೆಂಗಳೂರಿನ ಹಲಸೂರು ಕೆರೆ ಹತ್ತಿರ ಮದ್ರಾಸ್ ಸ್ಯಾಪರ್ಸ್ ಕೇಂದ್ರ ಇದೆಯಲ್ಲ, ಅಲ್ಲಿ ತರಬೇತಿ. ಸೇತುವೆ ಕಟ್ಟೋದು, ದಾರಿ ಮಾಡೋದು, ನೆಲಬಾಂಬ್ ಹೂಳೋದು, ಹೂತಿದ್ದನ್ನು ತೆಗೆಯೋದು ಈ ಪಡೆಯ ಕೆಲಸ. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ನಡೆಯಿತು. ಅದಾದ ಮೇಲೆ ನಮ್ಮ ಸೈನ್ಯ ಪಾಕಿಸ್ತಾನದ ಗಡಿಗೆ ಹೋಗಿ ನಿಂತಿತು. ಆಪರೇಷನ್ ಪರಾಕ್ರಮ ಅಂತ ಅದಕ್ಕೆ ಹೆಸರು. 2002ರ ಅಕ್ಟೋಬರ್‌ವರೆಗೂ ಅದು ನಡೆಯಿತು. ಗಡಿ ಉದ್ದಕ್ಕೂ ರೈತರ ಹೊಲಗಳಲ್ಲಿ ನೆಲಬಾಂಬ್ ಹೂತರು. ಯುದ್ಧ ಆಗಲಿಲ್ಲ. ಹೂತಿದ್ದನ್ನೆಲ್ಲ ಮತ್ತೆ ತೆಗೆಯಬೇಕಾಯಿತು. ಆಗದೇ ಹೋದ ಆ ಯುದ್ಧದಲ್ಲಿ, ಹೂಳುವಾಗ ಮತ್ತು ತೆಗೆಯುವಾಗ, ಎಷ್ಟೋ ಸೈನಿಕರು ಸತ್ತರು, ಕೈಕಾಲು ಕಳೆದುಕೊಂಡರು. ಕಾರ್ಗಿಲ್ ನೆನಪಿರುವಷ್ಟು ನಮಗೆ ಇದು ನೆನಪಿಲ್ಲ. ಗೆದ್ದ ದಿನ ಅಂತ ಒಂದು ಇಲ್ಲದ ಕಡೆ ನೆನಪಿನ ದಿನವೂ ಇರೋದಿಲ್ಲ ಅಲ್ವಾ.

ಅಲ್ಲಿ ಮಾವ ಏನು ನೋಡಿದರು ಅಂತ ಅವರ ಬಾಯಿಂದ ಕೇಳಿದವರು ಮನೆಯಲ್ಲಿ ಯಾರೂ ಇರಲಿಲ್ಲ. ನನ್ನ ಅಕ್ಕನ ಮದುವೆಗೆ ಬಂದಿದ್ದ ಅವರ ಜೊತೆಗಾರರೊಬ್ಬರು ಊಟದ ಮನೆ ಹಿಂದೆ ನಿಂತು ನನ್ನ ಅಪ್ಪನಿಗೆ ಇಷ್ಟು ಹೇಳಿದರು: ಮಾವನಿಗಿಂತ ಸ್ವಲ್ಪ ಮುಂದೆ ಹೋಗುತ್ತಿದ್ದ ಹುಡುಗ ಬಾಂಬ್ ತುಳಿದ. ಅವನನ್ನು ಹೊತ್ತುಕೊಂಡು ಬಂದವರು ಮಾವ. ದಾರಿಯಲ್ಲೇ ಜೀವ ಹೋಯಿತು.

ನಿವೃತ್ತಿಯಾಗಿ ಊರಿಗೆ ಬಂದ ಮಾವನನ್ನು ಊರು ನೋಡಿದ್ದು ಬೇರೆ ಥರ. ಉತ್ತ ಹೊಲಕ್ಕೆ ಅವರು ಕಾಲಿಡುತ್ತಿರಲಿಲ್ಲ. ಬದುವಿನ ಮೇಲೇ ಸುತ್ತಿ ಬರುತ್ತಿದ್ದರು, ಎಷ್ಟೇ ದೂರ ಆಗಲಿ. ಮಿಲಿಟ್ರಿ ಧಿಮಾಕು, ಕೆಸರು ಮೆತ್ತಿಕೊಳ್ಳಬಾರದಂತೆ ಅಂತ ಜನ ಆಡಿಕೊಂಡರು. ನಮ್ಮ ಕಡೆ ಆಲೂಗಡ್ಡೆ ಬೆಳೆಯುತ್ತಾರೆ. ಗಡ್ಡೆ ಕೀಳುವ ದಿನಗಳಲ್ಲಿ ಮನೆಮಂದಿಯೆಲ್ಲ ಹೊಲದಲ್ಲಿರಬೇಕು. ಮಾವ ಮಾತ್ರ ಬೆಳಗ್ಗೆಯೇ ಬಸ್ಸು ಹತ್ತಿ ಹಾಸನಕ್ಕೆ ಹೋಗಿ, ಕತ್ತಲಾದ ಮೇಲೆ ತೂರಾಡುತ್ತಾ ಬರುತ್ತಿದ್ದರು. ಕೆಲಸಗಳ್ಳ ಅಂತ ಹೆಸರಾಯಿತು. ಮಣ್ಣು ಕೆದಕಿ ಒಳಗಿನಿಂದ ದುಂಡಗಿನದೊಂದನ್ನು ಕೈಗೆ ತೆಗೆದುಕೊಳ್ಳೋದು ಆ ಮನುಷ್ಯನಿಗೆ ಏನಾಗಿರಬಹುದು ಅಂತ ಯೋಚಿಸುವ ಕಾರಣ ಊರಿಗೆ ಇರಲಿಲ್ಲ.

ಕ್ಯಾಂಟೀನ್ ರಮ್ಮು ಇನ್ನೊಂದು ಕಥೆ. ಮಾಜಿ ಸೈನಿಕರಿಗೆ ಕ್ಯಾಂಟೀನಿನಲ್ಲಿ ಕಡಿಮೆ ಬೆಲೆಗೆ ತಿಂಗಳಿಗೆ ಇಷ್ಟು ಅಂತ ಮದ್ಯ ಸಿಗುತ್ತದೆ. ಹಳ್ಳಿಯಲ್ಲಿ ಅದಕ್ಕೊಂದು ಮರ್ಯಾದೆ. ಮದುವೆ, ನಾಮಕರಣ, ಜಮೀನು ವ್ಯವಹಾರ, ಏನೇ ಇದ್ದರೂ ‘ಮಿಲಿಟ್ರಿಯೋರೇ, ಒಂದು ಬಾಟ್ಲಿ ಇದ್ರೆ ನೋಡಿ’ ಅಂತ ಬರುವವರು ಬಹಳ. ಅದೇ ಜನ ಮಾವ ಒಬ್ಬರೇ ಕೂತು ಕುಡಿಯೋಕೆ ಶುರು ಮಾಡಿದಾಗ ಕುಡುಕ ಅಂದರು. ಕೋಟಾ ಮುಗಿದ ಮೇಲೆ ಎಂಎಸ್‌ಐಎಲ್ ಅಂಗಡಿಯ ಪ್ಯಾಕೆಟ್. ಸಂಜೆ ಒಂದು ನೈಂಟಿ ಇದ್ದದ್ದು ಕ್ವಾರ್ಟರ್ ಆಯಿತು, ಕ್ವಾರ್ಟರ್ ಬೆಳಗ್ಗೆಗೂ ಬಂತು.

ಒಂದು ಭೀಕರ ಘಟನೆ ಆದ ಮೇಲೆ ಕೆಲವು ವಾರ ನಿದ್ದೆಗೆಡೋದು, ಬೆಚ್ಚಿ ಬೀಳೋದು ಎಲ್ಲರಿಗೂ ಆಗುತ್ತದೆ. ಬಹುಪಾಲು ಜನಕ್ಕೆ ಅದು ತಾನಾಗೇ ಇಳಿಯುತ್ತದೆ. ಕೆಲವರಿಗೆ ಇಳಿಯೋದಿಲ್ಲ. ಒಂದು ತಿಂಗಳು ದಾಟಿದ ಮೇಲೂ ಆ ಘಟನೆ ಕನಸಲ್ಲಿ, ಎಚ್ಚರದಲ್ಲಿ ಕರೆಯದೆ ಬರುತ್ತಿದ್ದರೆ, ಅದನ್ನು ನೆನಪಿಸುವ ಜಾಗ, ಸದ್ದು, ವಾಸನೆಗಳಿಂದ ಮನುಷ್ಯ ತಪ್ಪಿಸಿಕೊಂಡು ಓಡಾಡುತ್ತಿದ್ದರೆ, ಸುತ್ತಲಿನವರ ಮೇಲೆ ಪ್ರೀತಿಯೇ ಹುಟ್ಟದ ಹಾಗಾದರೆ, ಸಣ್ಣ ಶಬ್ದಕ್ಕೂ ಮೈ ಬಿಗಿಯುತ್ತಿದ್ದರೆ, ವೈದ್ಯರು ಅದನ್ನು ಪಿಟಿಎಸ್‌ಡಿ ಅಂತಾರೆ. ಆಘಾತದ ನಂತರದ ಒತ್ತಡದ ಕಾಯಿಲೆ. ಅಮೆರಿಕದ ಮನೋವೈದ್ಯರ ಸಂಘ ತನ್ನ ಕಾಯಿಲೆಗಳ ಪಟ್ಟಿಗೆ ಈ ಹೆಸರು ಸೇರಿಸಿದ್ದು 1980ರಲ್ಲಿ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರು ವರ್ಷಗಟ್ಟಲೆ ಹೋರಾಡಿದ್ದು ಅದಕ್ಕೆ ಒಂದು ದೊಡ್ಡ ಕಾರಣ. ಆಮೇಲೆ ಆ ಸೈನಿಕರ ಮೇಲೆ ನಡೆದ ದೊಡ್ಡ ಅಧ್ಯಯನದ ಪ್ರಕಾರ ಅಲ್ಲಿ ಸೇವೆ ಮಾಡಿದ ಗಂಡಸರಲ್ಲಿ ಹತ್ತಿರ ಹತ್ತಿರ ನೂರಕ್ಕೆ 30 ಜನರಿಗೆ ಬದುಕಿನ ಯಾವುದೋ ಹೊತ್ತಲ್ಲಿ ಈ ಕಾಯಿಲೆ ಬಂದಿತ್ತು. ಈ ಕಾಯಿಲೆಗೆ ಅಂತ ಚಿಕಿತ್ಸೆಗೆ ಬಂದ ಆ ಸೈನಿಕರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಕುಡಿತದ ತೊಂದರೆಯೂ ಇತ್ತು.

ಎರಡೂ ಯಾಕೆ ಹೀಗೆ ಜೊತೆಯಾಗಿ ಬರುತ್ತವೆ? 1985ರಲ್ಲಿ ಎಡ್ವರ್ಡ್ ಖಾಂಟ್ಜಿಯನ್ ಎಂಬ ಅಮೆರಿಕದ ಮನೋವೈದ್ಯರು ಒಂದು ವಿಚಾರ ಮುಂದಿಟ್ಟರು. ವ್ಯಸನಕ್ಕೆ ಬೀಳುವ ಎಷ್ಟೋ ಜನ ಮಜಾಕ್ಕೆ ಕುಡಿಯುವವರಲ್ಲ, ತಡೆಯಲಾರದ ಒಂದು ನೋವಿಗೆ ತಾವೇ ಔಷಧಿ ಮಾಡಿಕೊಳ್ಳುವವರು ಅಂತ. ಇದು ಎಲ್ಲರಿಗೂ ಹೊಂದುವ ಮಾತಲ್ಲ. ಆಘಾತವೇ ಇಲ್ಲದೆ ಕುಡಿತಕ್ಕೆ ಬಿದ್ದವರು ಲೆಕ್ಕವಿಲ್ಲದಷ್ಟು. ಆಘಾತ ಕಂಡೂ ಗ್ಲಾಸು ಮುಟ್ಟದವರೂ ಅಷ್ಟೇ ಇದ್ದಾರೆ. ಆದರೆ ಮಾವನ ರಾತ್ರಿಗಳನ್ನು ಗೊತ್ತಿರುವ ನನಗೆ ಇದು ಪುಸ್ತಕದ ಮಾತು ಅನ್ನಿಸೋದಿಲ್ಲ.

ಮದ್ಯ ಮೆದುಳಿನಲ್ಲಿ ಮಾಡುವ ಮೊದಲ ಕೆಲಸವೇ ಎಚ್ಚರವನ್ನು ತಗ್ಗಿಸೋದು. ಮೆದುಳನ್ನು ತಣ್ಣಗೆ ಮಾಡುವ ಗಾಬಾ ಅನ್ನೋ ರಾಸಾಯನಿಕದ ಪ್ರಭಾವವನ್ನು ಅದು ಹೆಚ್ಚಿಸುತ್ತದೆ, ಕೆರಳಿಸುವ ಗ್ಲುಟಮೇಟ್ ಪ್ರಭಾವವನ್ನು ತಗ್ಗಿಸುತ್ತದೆ. ಹಗಲೆಲ್ಲ ಕಾವಲು ಕೂತಿದ್ದ ಮೈ ಅರ್ಧ ಗಂಟೆಯಲ್ಲಿ ಸಡಿಲವಾಗುತ್ತದೆ. ಕಣ್ಣು ಎಳೆಯುತ್ತದೆ. ನಾವು ಗಾಢವಾದ ಕನಸು ಕಾಣುವ ನಿದ್ದೆಯ ಘಟ್ಟವನ್ನು ರೆಮ್ ಅಂತಾರೆ. ಮದ್ಯ ರಾತ್ರಿಯ ಮೊದಲ ಭಾಗದಲ್ಲಿ ಅದನ್ನೂ ಅದುಮಿಡುತ್ತದೆ. ಅಂದರೆ ಕೆಟ್ಟ ಕನಸಿಗೆ ಹೆದರಿ ಮಲಗಲಾರದವನಿಗೆ ಮೊದಲ ಮೂರು ನಾಲ್ಕು ಗಂಟೆ ನಿಜವಾಗಿಯೂ ಬಿಡುಗಡೆ ಸಿಗುತ್ತದೆ. ಇದನ್ನು ಒಪ್ಪಿಕೊಳ್ಳದೆ ನಾವು ಕುಡಿಯುವವರ ಜೊತೆ ಮಾತೇ ಆಡಲಾರೆವು ಅಂತ ನನಗನ್ನಿಸುತ್ತದೆ. ‘ಅದರಿಂದ ಏನು ಸುಖ ಸಿಗುತ್ತೆ ನಿಮಗೆ’ ಅಂತ ಕೇಳಿದರೆ ಅವರು ಸುಮ್ನೆ ಕೂತುಬಿಡುತ್ತಾರೆ. ಸಿಗೋದು ಸುಖ ಅಲ್ಲ, ಕೆಲವು ಗಂಟೆಗಳ ಬಿಡುವು.

ಆಮೇಲೆ ಬರೋದು ಮೀಟರ್ ಬಡ್ಡಿ. ಮದ್ಯ ಇಳಿಯುತ್ತಿದ್ದ ಹಾಗೆ ಅದುಮಿಟ್ಟ ಕನಸುಗಳೆಲ್ಲ ರಾತ್ರಿಯ ಎರಡನೇ ಭಾಗದಲ್ಲಿ ಇನ್ನೂ ಜೋರಾಗಿ ಬರುತ್ತವೆ. ನಿದ್ದೆ ತುಂಡಾಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬೆವರು, ನಡುಕ. ಇವು ಮದ್ಯ ಇಳಿಯುವಾಗಿನ ಲಕ್ಷಣಗಳೂ ಹೌದು, ಪಿಟಿಎಸ್‌ಡಿಯ ಲಕ್ಷಣಗಳೂ ಹೌದು. ಯಾವುದು ಯಾವುದರಿಂದ ಅಂತ ಒಳಗಿರುವವನಿಗೆ ತಿಳಿಯೋದಿಲ್ಲ. ತಿಳಿಯೋದು ಒಂದೇ, ಒಂದು ಗುಟುಕು ಹಾಕಿದರೆ ನಿಲ್ಲುತ್ತದೆ. ಹೀಗೆ ಬೆಳಗಿನ ಕುಡಿತ ಶುರುವಾಗುತ್ತದೆ.

ಇನ್ನೂ ದೊಡ್ಡ ತೊಂದರೆ ನಿಧಾನವಾಗಿ ಆಗುವಂಥದ್ದು. ಭಯ ಹೋಗಬೇಕಾದರೆ ಮೆದುಳು ಹೊಸದಾಗಿ ಒಂದು ಪಾಠ ಕಲಿಯಬೇಕು: ಇದು ಗಡಿ ಅಲ್ಲ, ಇದು ನಮ್ಮ ಹೊಲ, ಇಲ್ಲಿ ಕಾಲಿಟ್ಟರೆ ಏನೂ ಆಗೋದಿಲ್ಲ. ಆ ನೆನಪಿನ ಹತ್ತಿರ ಹೋಗಿ, ಏನೂ ಆಗದೆ ವಾಪಸು ಬಂದಾಗ ಮಾತ್ರ ಇದು ಕಲಿಯೋಕೆ ಆಗೋದು. ಕುಡಿದ ಮೆದುಳಿಗೆ ಈ ಕಲಿಕೆ ಸರಿಯಾಗಿ ಹತ್ತೋದಿಲ್ಲ. ತಾನಾಗೇ ಮಾಯಬಹುದಾಗಿದ್ದ ಗಾಯ ಹಸಿಯಾಗೇ ಉಳಿಯುತ್ತದೆ.

ಒಂದು ವರ್ಷ ಮಾವ ಅಯ್ಯಪ್ಪನ ಮಾಲೆ ಹಾಕಿದರು. ಮನೆಗೆ ಹಬ್ಬ ಬಂದ ಹಾಗಾಯಿತು. ತಣ್ಣೀರು ಸ್ನಾನ, ಕಪ್ಪು ಪಂಚೆ, ಎರಡು ಹೊತ್ತು ಪೂಜೆ, ಒಂದು ತೊಟ್ಟು ಮುಟ್ಟಲಿಲ್ಲ. ಮಾಲೆ ಹಾಕಿದಾಗ ಹೆಂಡತಿಯೂ ಗಂಡನನ್ನು ಸ್ವಾಮಿ ಅಂತಲೇ ಕರೆಯೋದು. ಆ ದಿನಗಳಲ್ಲಿ ಅತ್ತೆ ನನಗೆ ಫೋನಿನಲ್ಲಿ ಹೇಳಿದ್ದು ಈಗಲೂ ಕಿವಿಯಲ್ಲಿದೆ: ‘ಸ್ವಾಮಿ ಮಲಗೋದೇ ಇಲ್ಲ ಕಣೇ. ಕಣ್ಣು ಮುಚ್ಚಿದ್ರೆ ಕಿರುಚ್ಕೊಂಡು ಎದ್ದುಬಿಡ್ತಾರೆ. ಜಗಲಿ ಮೇಲೆ ಬೆಳಗಾಗೋವರೆಗೂ ಕೂತೇ ಇರ್ತಾರೆ.’ ಗಾಳಿ ಸೋಕಿದೆ ಅಂತ ಅಜ್ಜಿ ತಾಯತ ಕಟ್ಟಿಸಿದರು. ವ್ರತ ಮುಗಿಸಿ, ಶಬರಿಮಲೆಗೆ ಹೋಗಿ ಬಂದು, ಮಾಲೆ ತೆಗೆದ ಸಂಜೆಯೇ ಮಾವ ಕುಡಿದರು. ದೇವರಿಗೂ ಹೆದರಲಿಲ್ಲ ಈತ ಅಂದಿತು ಊರು.

ನಾನು ಇದನ್ನು ಹಾಗೆ ನೋಡೋದಿಲ್ಲ. ಜಾಸ್ತಿ ಕುಡಿಯುವವರು ನಿಲ್ಲಿಸಿದಾಗ ಕನಸುಗಳು ಮೊದಲಿಗಿಂತ ತೀವ್ರವಾಗಿ ಬರೋದು ವೈದ್ಯರಿಗೆ ಗೊತ್ತಿರುವ ವಿಷಯ. ಪಿಟಿಎಸ್‌ಡಿ ಇರುವವರಿಗೆ ಅದು ಇನ್ನೂ ಕಠಿಣ. ಯಾವ ಸಹಾಯವೂ ಇಲ್ಲದೆ ಆ ಮನುಷ್ಯ ರಾತ್ರಿ ಮೇಲೆ ರಾತ್ರಿ ಅದನ್ನು ಎದುರಿಸಿಕೊಂಡು ವ್ರತ ಪೂರ್ತಿ ಮಾಡಿದರು. ಮನೆಯವರು ನೋಡಿದ್ದು ಹಗಲಿನ ಸ್ವಾಮಿಯನ್ನು. ಆಣೆ, ಹರಕೆ, ಮಾಲೆ ಇವನ್ನೆಲ್ಲ ನಾನು ಹಗುರ ಮಾಡೋದಿಲ್ಲ. ಎಷ್ಟೋ ಮನೆಗಳು ಅದರಿಂದ ಉಳಿದಿವೆ. ಆದರೆ ಅವು ಹಗಲನ್ನು ಕಾಯುತ್ತವೆ. ರಾತ್ರಿಗೆ ಬೇರೆ ಚಿಕಿತ್ಸೆ ಬೇಕು.

ಆಮೇಲೆ ಮಾವನನ್ನು ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದರು. ಹೆಸರು ಬೇಡ. ಅಲ್ಲಿ ರಾತ್ರಿ ಮಲಗುವ ಕೋಣೆಗೆ ಹೊರಗಿನಿಂದ ಬೀಗ. ಮಾವ ಕಿರುಚಿದರೆ ಬೇರೆಯವರ ನಿದ್ದೆ ಹಾಳು ಮಾಡ್ತೀರಿ ಅಂತ ಬೈಗುಳ. ಸೈನ್ಯದಲ್ಲಿ ಇದ್ದರು ಅನ್ನೋದು ಅವರ ಫೈಲಿನಲ್ಲಿ ಉದ್ಯೋಗದ ಕಾಲಮ್ಮಿನಲ್ಲಿ ಮಾತ್ರ ಇತ್ತು. ಕುಡಿತ ಪೂರ್ತಿ ಬಿಟ್ಟ ಮೇಲೆ ಬೇರೆ ವಿಷಯ ಮಾತಾಡೋಣ ಅಂತ ಅಲ್ಲಿನವರು ಅತ್ತೆಗೆ ಹೇಳಿದರು. ಬಹಳ ಕಡೆ ಈ ಮಾತು ಕೇಳಿಬರುತ್ತದೆ. ಮನೋವೈದ್ಯರ ಹತ್ತಿರ ಹೋದರೆ ಮೊದಲು ಕುಡಿತ ಬಿಟ್ಟು ಬನ್ನಿ ಅಂತಾರೆ. ಕುಡಿತ ಬಿಡಿಸುವವರ ಹತ್ತಿರ ಹೋದರೆ ಮನಸ್ಸಿನ ಮಾತು ಆಮೇಲೆ ಅಂತಾರೆ. ಎರಡು ಬಾಗಿಲ ನಡುವೆ ಮನುಷ್ಯ ಓಡಾಡುತ್ತಲೇ ಇರುತ್ತಾನೆ.

ಹೀಗೆ ಹೇಳೋದಕ್ಕೆ ಅವರಿಗೂ ಒಂದು ಕಾರಣ ಇತ್ತು. ಆಘಾತದ ನೆನಪು ಕೆದಕಿದರೆ ಕುಡಿತ ಜಾಸ್ತಿಯಾಗುತ್ತದೆ ಅನ್ನೋ ಭಯ. ಆ ಭಯವನ್ನು ನೇರವಾಗಿ ಪರೀಕ್ಷಿಸಿದ ಒಂದು ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎಡ್ನಾ ಫೋವಾ ಮತ್ತು ಜೊತೆಗಾರರು ಪಿಟಿಎಸ್‌ಡಿ ಮತ್ತು ಮದ್ಯದ ಅವಲಂಬನೆ ಎರಡೂ ಇದ್ದ 165 ಜನರನ್ನು ತೆಗೆದುಕೊಂಡರು. ಕುಡಿಯುವ ತುಡಿತ ತಗ್ಗಿಸುವ ನಾಲ್ಟ್ರೆಕ್ಸೋನ್ ಮಾತ್ರೆಯನ್ನೂ, ಆಘಾತದ ನೆನಪನ್ನು ಹಂತ ಹಂತವಾಗಿ ಎದುರಿಸುವ ಚಿಕಿತ್ಸೆಯನ್ನೂ ಬೇರೆ ಬೇರೆ ಜೋಡಿಗಳಲ್ಲಿ ಕೊಟ್ಟು ನೋಡಿದರು. ನೆನಪನ್ನು ಎದುರಿಸುವ ಚಿಕಿತ್ಸೆಯಿಂದ ಕುಡಿತ ಹೆಚ್ಚಾಗಲಿಲ್ಲ. ಇಂಥ ಕೆಲಸಗಳ ನಂತರ ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಕೊಡುವ ಕ್ರಮಕ್ಕೆ ಬಲ ಬಂದಿದೆ. ಇದು ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯ. ‘ಮೊದಲು ಅದು, ಆಮೇಲೆ ಇದು’ ಅನ್ನೋ ಸರದಿಯಲ್ಲಿ ಎಷ್ಟೋ ಜನರ ವರ್ಷಗಳು ಹೋಗಿವೆ.

ಮಾವನ ವಿಷಯದಲ್ಲಿ ಬದಲಾವಣೆ ಬಂದಿದ್ದು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ. ನಾನೂ ಜೊತೆಗೆ ಹೋಗಿದ್ದೆ. ಚಿಕ್ಕ ವಯಸ್ಸಿನ ಡಾಕ್ಟರು. ಎಷ್ಟು ಕುಡೀತೀರಿ ಅಂತ ಕೇಳಿ ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು, ‘ಸಾರ್, ನಿದ್ದೆ ಹೇಗಿದೆ? ಬೇಡ ಅಂದ್ರೂ ಬರೋ ಕನಸು ಏನಾದ್ರೂ ಇದೆಯಾ?’ ಅಂದರು. ಮಾವ ಅತ್ತೆಯ ಮುಖ ನೋಡಿದರು. ‘ಅದೇ ಒಂದು ಕನಸು ಡಾಕ್ಟ್ರೇ’ ಅಂದರು. ‘ಯಾವಾಗಿಂದ?’ ‘ಗಡಿಯಿಂದ ಬಂದಾಗಿಂದ.’ ಅಷ್ಟು ವರ್ಷದಲ್ಲಿ ನಾವು ಕೇಳಿದ ಅವರ ಮೊದಲ ಮಾತು ಅದು. ಪಿಟಿಎಸ್‌ಡಿ ಇದೆಯಾ ಅಂತ ಬೇಗ ತಿಳಿಯೋಕೆ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಐದು ಪ್ರಶ್ನೆಗಳ ಒಂದು ಪಟ್ಟಿ ಬಳಸುತ್ತಾರೆ. ಅದರ ಮೊದಲ ಪ್ರಶ್ನೆಯೂ ಕೆಟ್ಟ ಕನಸಿನ ಬಗ್ಗೆಯೇ ಅಂತ ನನಗೆ ಆಮೇಲೆ ತಿಳಿಯಿತು.

ಮೊದಲು ಅಡ್ಮಿಟ್ ಮಾಡಿಕೊಂಡು ಮದ್ಯ ಇಳಿಸಿದರು. ಇದು ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸ. ದಿನಾ ತುಂಬಾ ಕುಡಿಯುವವರು ಇದ್ದಕ್ಕಿದ್ದ ಹಾಗೆ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣಿಸಿ, ಜಾಗ, ಜನ ಗೊತ್ತಾಗದ ಹಾಗಾಗುತ್ತದೆ. ಜೀವಕ್ಕೂ ಅಪಾಯ. ಕೋಣೆಯಲ್ಲಿ ಕೂಡಿ ಹಾಕಿ ಬಿಡಿಸ್ತೀವಿ ಅನ್ನೋ ಮನೆಯವರಿಗೆ ಇದು ಗೊತ್ತಿರಬೇಕು. ಹಾಗೆಯೇ ಸಾರಿನಲ್ಲಿ, ಕಾಫಿಯಲ್ಲಿ ಗೊತ್ತಾಗದ ಹಾಗೆ ಕುಡಿತ ಬಿಡಿಸುವ ಮಾತ್ರೆ ಬೆರೆಸೋದೂ ಅಪಾಯ. ಡೈಸಲ್ಫಿರಾಮ್ ಅನ್ನೋ ಆ ಮಾತ್ರೆಯ ಮೇಲೆ ಮದ್ಯ ಬಿದ್ದರೆ ರಕ್ತದೊತ್ತಡ ಕುಸಿಯಬಹುದು, ಹೃದಯಕ್ಕೆ ಪೆಟ್ಟಾಗಬಹುದು. ತಿನ್ನುವವರಿಗೆ ಗೊತ್ತಿದ್ದು, ಒಪ್ಪಿ, ವೈದ್ಯರ ಕಣ್ಣೆದುರು ನಡೆಯಬೇಕಾದ ಚಿಕಿತ್ಸೆ ಅದು. ಮೆಡಿಕಲ್ ಸ್ಟೋರಿನಿಂದ ತಂದ ನಿದ್ದೆ ಮಾತ್ರೆ ಮತ್ತು ಮದ್ಯ ಒಟ್ಟಿಗೆ ಸೇರಿದರೆ ಉಸಿರೇ ನಿಲ್ಲಬಹುದು.

ಮದ್ಯ ಇಳಿದ ಮೇಲೆ ಕನಸಿನ ಕೆಲಸ ಶುರುವಾಯಿತು. ಸೆರ್ಟ್ರಾಲಿನ್ ಅನ್ನೋ ಮಾತ್ರೆ ಕೊಟ್ಟರು. ಖಿನ್ನತೆಗೂ ಪಿಟಿಎಸ್‌ಡಿಗೂ ಕೊಡುವ ಮಾತ್ರೆ ಅದು. ಪ್ರಾಜೋಸಿನ್ ಅಂತ ರಕ್ತದೊತ್ತಡದ ಇನ್ನೊಂದು ಔಷಧಿ ಕೆಲವರ ಕೆಟ್ಟ ಕನಸನ್ನು ತಗ್ಗಿಸುತ್ತದೆ ಅಂತ ಬಳಸುತ್ತಾರೆ, ಆದರೆ ಮಾಜಿ ಸೈನಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ. ಮಾತ್ರೆಗಿಂತ ಕಷ್ಟದ್ದು ಮಾತಿನ ಚಿಕಿತ್ಸೆ. ಆ ದಿನ ಏನಾಯಿತು ಅಂತ ಮೊದಲಿಂದ ಕೊನೆವರೆಗೆ ಹೇಳಬೇಕು, ಮತ್ತೆ ಹೇಳಬೇಕು. ಮಾವ ನಡುವೆ ಬಿಟ್ಟು ಓಡಿಬಂದರು. ಮತ್ತೆ ಹೋದರು. ಅವರನ್ನು ಹೆಚ್ಚು ಕಾಡಿದ್ದು ಭಯ ಅಲ್ಲ, ಆ ಹುಡುಗನ ಬದಲು ತಾನು ಮುಂದೆ ಹೋಗಬೇಕಿತ್ತು ಅನ್ನೋ ತಪ್ಪಿನ ಭಾವ ಅಂತ ಅತ್ತೆ ಹೇಳಿದರು. ಈಗಲೂ ಅವರು ಪೂರ್ತಿ ಬಿಟ್ಟಿಲ್ಲ. ನಡುವೆ ಜಾರುತ್ತಾರೆ. ಜಾರಿದಾಗ ಆಸ್ಪತ್ರೆಗೆ ತಾವೇ ಫೋನ್ ಮಾಡುತ್ತಾರೆ. ರಾತ್ರಿ ಐದಾರು ಗಂಟೆ ನಿದ್ದೆ ಮಾಡುತ್ತಾರೆ. ನನಗೆ ಇದು ಸಣ್ಣ ವಿಷಯ ಅಲ್ಲವೇ ಅಲ್ಲ.

ಅತ್ತೆಯ ಬಗ್ಗೆ ಬರೆಯದಿದ್ದರೆ ಈ ಬರಹ ಸುಳ್ಳಾಗುತ್ತದೆ. ಕುಡಿದ ರಾತ್ರಿಗಳಲ್ಲಿ ಮಾವ ಕೈ ಮಾಡಿದ್ದಾರೆ. ಅವರ ಕಾಯಿಲೆ ಅದಕ್ಕೆ ಕಾರಣ ಅಂತ ವಿವರಿಸಬಹುದು, ಸರಿ ಅಂತ ಒಪ್ಪಿಕೊಳ್ಳೋಕೆ ಆಗೋದಿಲ್ಲ. ಗೇಟಿನ ಸದ್ದಾದರೆ ಅತ್ತೆಯ ಮೈ ಈಗಲೂ ಬಿಗಿಯುತ್ತದೆ. ಬೈಕ್ ಶಬ್ದ ಕೇಳಿದರೆ ಅವರ ಮಗ ಪುಸ್ತಕ ಮುಚ್ಚಿ ಒಳಗೆ ಹೋಗುತ್ತಿದ್ದ. ಮಾವನಿಗೆ ಇದ್ದ ಲಕ್ಷಣಗಳೇ ಅಲ್ಲವಾ ಇವು? ಹಿಂಸೆಯ ಮನೆಯಲ್ಲಿ ಬೆಳೆದ ಮಕ್ಕಳು ಮುಂದೆ ಕುಡಿತಕ್ಕೆ ಬೀಳುವ ಸಾಧ್ಯತೆ ಹೆಚ್ಚು. ಹೀಗೆ ಗಡಿಯಲ್ಲಿ ಒಂದು ದಿನ ಆದದ್ದು ಹಾಸನದ ಒಂದು ಮನೆಯಲ್ಲಿ ಇನ್ನೊಂದು ತಲೆಮಾರಿಗೂ ದಾಟುತ್ತದೆ. ಅತ್ತೆಗೂ ಮಗನಿಗೂ ಸಹ ಕೌನ್ಸೆಲಿಂಗ್ ಬೇಕು ಅಂತ ಅದೇ ಡಾಕ್ಟರು ಹೇಳಿದರು. ಅಲ್ಲಿವರೆಗೆ ಅತ್ತೆಯನ್ನು ಎಲ್ಲರೂ ಕೇಳುತ್ತಿದ್ದದ್ದು ‘ಈಗ ಹೇಗಿದ್ದಾರೆ ಅವರು?’ ಅಂತ ಮಾತ್ರ.

ಸೈನಿಕರ ಮಾತು ಹೆಚ್ಚಾಯಿತು, ನಾನು ಕಂಡದ್ದು ಅದು ಅಂತ. ಆದರೆ ಅಪಘಾತದ ಜಾಗಕ್ಕೆ ಮೊದಲು ತಲುಪುವ ಆಂಬುಲೆನ್ಸ್ ಸಿಬ್ಬಂದಿ, ಶವಾಗಾರದ ಕೆಲಸಗಾರರು, ರೈಲು ಹಳಿ ಮೇಲಿಂದ ದೇಹ ಎತ್ತುವವರು, ಮಲದ ಗುಂಡಿಗೆ ಇಳಿಸಲ್ಪಟ್ಟವರು, ಇವರಿಗೆಲ್ಲ ‘ಕುಡಿಯದೆ ಆ ಕೆಲಸ ಆಗೋದಿಲ್ಲ ಬಿಡಿ’ ಅಂತ ನಾವು ಪರವಾನಗಿ ಕೊಟ್ಟುಬಿಡುತ್ತೇವೆ. ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರಿಗೆ ಮಳೆಯ ರಾತ್ರಿ ಹೇಗಿರುತ್ತದೆ ಅಂತ ಯೋಚಿಸಿ. ಚಿಕ್ಕಂದಿನಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಂಗಸರಲ್ಲಿ ಕುಡಿತ ಇದ್ದರೆ ಅದು ನಾಲ್ಕು ಗೋಡೆಯ ಒಳಗೇ ಇರುತ್ತದೆ, ನಾಚಿಕೆಯಿಂದ ಆಸ್ಪತ್ರೆಗೂ ಬರೋದಿಲ್ಲ.

ಬಂದರೂ ಎಲ್ಲಿಗೆ? 2019ರಲ್ಲಿ ಹೊರಬಂದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ಮದ್ಯದ ತೊಂದರೆಗೆ ಸಹಾಯ ಬೇಕಾದವರು ದೇಶದಲ್ಲಿ 5.7 ಕೋಟಿ. ಅವಲಂಬನೆ ಇರುವ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಆ ಒಬ್ಬರಿಗಾದರೂ ನಿದ್ದೆಯ ಪ್ರಶ್ನೆ ಬೀಳಬೇಕು ಅನ್ನೋದು ನನ್ನ ಆಸೆ. ಮಾಜಿ ಸೈನಿಕರಿಗೆ 2003ರಿಂದ ಇಸಿಎಚ್‌ಎಸ್ ಆರೋಗ್ಯ ಯೋಜನೆ ಇದೆ. ಬಿಪಿ, ಶುಗರ್ ನೋಡುವ ಕಡೆಯೇ ಈ ಒಂದು ಪ್ರಶ್ನೆ ಕೇಳೋಕೆ ಯಾವ ಯಂತ್ರವೂ ಬೇಕಿಲ್ಲ.

ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಡಾಕ್ಟರ ಹತ್ತಿರ ಹೋಗುವಾಗ ಕುಡಿತದ ಲೆಕ್ಕದ ಜೊತೆ ಇನ್ನೂ ಕೆಲವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕುಡಿತ ಜಾಸ್ತಿಯಾಗುವ ಮುಂಚೆ ಬದುಕಿನಲ್ಲಿ ಏನಾದರೂ ನಡೆದಿತ್ತಾ. ರಾತ್ರಿ ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ, ಕಿರುಚುತ್ತಾರಾ. ಯಾವ ಜಾಗ, ಯಾವ ಕೆಲಸ, ಯಾವ ದಿನ ತಪ್ಪಿಸಿಕೊಳ್ಳುತ್ತಾರೆ. ನಿಲ್ಲಿಸಿದ ದಿನಗಳಲ್ಲಿ ಏನಾಯಿತು. ಏನು ನಡೆದಿತ್ತು ಅಂತ ನೀವೇ ಕೂತು ಬಾಯಿ ಬಿಡಿಸಬೇಕಾಗಿಲ್ಲ, ಬಲವಂತ ಮಾಡಲೇಬೇಡಿ. ಹತ್ತಿರ ಮನೋವೈದ್ಯರು ಇಲ್ಲದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸೇವೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ವ್ಯಸನದ ಬಗ್ಗೆಯೇ ಕೇಳಬೇಕಾದರೆ 14446. ಕುಡಿಯುವವರೇ ಫೋನ್ ಮಾಡಬೇಕು ಅಂತೇನಿಲ್ಲ. ಅತ್ತೆಯಂಥವರೂ ಮಾಡಬಹುದು, ತಮಗಾಗಿಯೂ ಮಾಡಬಹುದು.